ಬಸಗೊಂಡಪ್ಪನ ಹೆಸರಿಗೆ ಗಿರಿಮಲ್ಲಪ್ಪನ ಸೀರೆ

ಅಮಾವಾಸ್ಯೆಯ ದಿನ ರಬಕವಿಯಲ್ಲಿ ಮಗ್ಗಗಳು ಸುಮ್ಮನಿರುತ್ತವೆ, ಮಂದಿ ಸುಮ್ಮನಿರುವುದಿಲ್ಲ. ಉಳಿದ ದಿನ ಪವರ್‌ಲೂಮಿನ ಖಟಖಟದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲವಾದ್ದರಿಂದ ಎಲ್ಲರೂ ಅನ್ಯೋನ್ಯವಾಗಿರುತ್ತಾರೆ. ಅಂಥ ಒಂದು ಅಮಾವಾಸ್ಯೆಯ ಬೆಳಿಗ್ಗೆ ಬಸಗೊಂಡಪ್ಪ ತನ್ನ ಆರು ಮಗ್ಗಗಳಿಗೆ ಪೂಜೆ ಮಾಡಿ, ಉಳಿದ ಕುಂಕುಮವನ್ನು ಕಂಪ್ಯೂಟರಿಗೂ ಹಚ್ಚಿ, ತನ್ನ ಸೀರೆಗಳ ವೆಬ್‌ಸೈಟು ತೆರೆದ. ತೆರೆದರೆ ಪರದೆಯ ಮೇಲೆ ಗಿರಿಮಲ್ಲಪ್ಪ ಕೈ ಮುಗಿದು ನಿಂತಿದ್ದ.

ಗಿರಿಮಲ್ಲಪ್ಪ ಎರಡು ಓಣಿ ಆಚೆ ಸೀರೆ ನೇಯಿಸುವವ. ಇಬ್ಬರಿಗೂ ಜಗಳವೇನೂ ಇರಲಿಲ್ಲ. ಒಂದೇ ಊರಿನಲ್ಲಿ ಒಂದೇ ಮಾಲು ಮಾರುವವರ ನಡುವೆ ಇರಬೇಕಾದಷ್ಟು ಹೊಟ್ಟೆಯುರಿ ಮಾತ್ರ ಇತ್ತು. ಬಸಗೊಂಡಪ್ಪ ಸೈಟು ಮುಚ್ಚಿ, ತನ್ನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಮತ್ತೆ ತೆರೆದ. ಮತ್ತೆ ಗಿರಿಮಲ್ಲಪ್ಪನೇ, ಅವನ ಕೆಳಗೆ ಅವನ ಸೀರೆಗಳೇ.

ಬೇರೆ ದಿನವಾಗಿದ್ದರೆ ಬಸಗೊಂಡಪ್ಪ ಕಂಪ್ಯೂಟರಿಗೆ ಎರಡು ಬೈದು ಎದ್ದುಬಿಡುತ್ತಿದ್ದ. ಆದರೆ ಅವತ್ತು ಮಧ್ಯಾಹ್ನ ಸಾಂಗಲಿಯ ದೊಡ್ಡ ವ್ಯಾಪಾರಿ ಶೇಠ್‌ಜಿ ಅವನ ಸೈಟು ನೋಡಿ ದಸರೆಗೆ ಸೀರೆ ಆರಿಸುವವರಿದ್ದರು. ಆ ಆರ್ಡರು ಬಂದರೆ ಆರೂ ಮಗ್ಗ ಹಬ್ಬದವರೆಗೆ ಉಸಿರು ಬಿಡದೆ ಓಡುತ್ತವೆ. ಬಾರದಿದ್ದರೆ ಅರ್ಧದಷ್ಟು ಮಗ್ಗಗಳನ್ನು ನಿಲ್ಲಿಸಿ, ತಂದೆಯ ಕಾಲದಿಂದ ದುಡಿಯುತ್ತಿದ್ದ ನೇಕಾರರಿಗೆ ಬೇರೆ ಕಡೆ ನೋಡಿಕೊಳ್ಳಿ ಎನ್ನಬೇಕು. ಆ ಮಾತು ಹೇಳುವುದು ಅವನಿಂದ ಆಗುವ ಕೆಲಸವಾಗಿರಲಿಲ್ಲ. ಅವನು ಹೆಂಡತಿಯನ್ನು ಕೂಗಿದ.

"ಹೆಸರು ನಂದು ಹೊಡದ್ರ ಅವನ ಮಾರಿ ಯಾಕ ಬರಾಕತ್ತೈತಿ?"

ಅನಸವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪರದೆಯನ್ನು ಸಾವಕಾಶವಾಗಿ ನೋಡಿದಳು. "ಮಾರಿ ಇರ್ಲಿ ಬಿಡ್ರಿ. ಆ ಹಸರ ಸೀರಿ ನೋಡ್ರಿ, ಛಲೋ ಐತಿ" ಎಂದಳು.

ಈ ಮಾತು ಗೋಡೆಯಾಚೆಯ ಶಿವಯೋಗೆಪ್ಪನಿಗೆ ಕೇಳಿಸಿತು. ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದ ಈ ಹಿರಿಯನಿಗೆ ಊರಿನ ಯಾವ ವೈರು ಕಂಡರೂ ತನ್ನ ಹಳೆಯ ನೆಂಟ ಸಿಕ್ಕಂತಾಗುತ್ತಿತ್ತು. ಬಂದವನೇ ಮೋಡೆಮಿನ ವೈರು ಕಿತ್ತ, ಊದಿದ, ಮತ್ತೆ ಸಿಕ್ಕಿಸಿದ. ಗಿರಿಮಲ್ಲಪ್ಪ ಹೋಗಲಿಲ್ಲ. ಆಗ ಶಿವಯೋಗೆಪ್ಪ ಕುರ್ಚಿ ಎಳೆದುಕೊಂಡು ಕುಳಿತು ವಿವರಿಸಿದ.

"ಕಂಪ್ಯೂಟರಿಗೆ ಹೆಸರು ತಿಳಿಯಂಗಿಲ್ಲಪಾ, ನಂಬರಷ್ಟ ತಿಳಿತೈತಿ. ನೀ ಹೆಸರು ಹೊಡದಿ ಅಂದ್ರ ಅದು ಹೊರಗ ಒಬ್ಬಾವನ್ನ ಕೇಳ್ತೈತಿ, ಈ ಹೆಸರಿನಾವನ ನಂಬರ್ ಯಾವುದಂತ. ಅವ ಹೇಳಿದಲ್ಲಿ ಹೋಗ್ತೈತಿ."

"ಮಹಾಲಿಂಗಪುರದಿಂದ ಬಂದಾವ ಬಸ್ ಸ್ಟ್ಯಾಂಡಿನ್ಯಾಗ ಇಳದು ನಮ್ಮ ಮನಿ ಕೇಳಿದಂಗ?"

"ಹಂಗಽ."

ಬಸಗೊಂಡಪ್ಪನಿಗೆ ಎಲ್ಲ ತಿಳಿದುಹೋಯಿತು, ತಿಳಿಯಬಾರದ ರೀತಿಯಲ್ಲಿ. ಹೋದ ವರ್ಷ ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು ತನ್ನ ಮನೆ ಕೇಳಿಕೊಂಡು ಬಂದ ಗಿರಾಕಿಯನ್ನು ಗಿರಿಮಲ್ಲಪ್ಪನ ಮನೆಗೆ ಕಳಿಸಿದ್ದ. ಈಗ ಹೊರಗೆ ಕೂತು ನಂಬರ್ ಹೇಳುವವನನ್ನೂ ಗಿರಿಮಲ್ಲಪ್ಪ ಬುಟ್ಟಿಗೆ ಹಾಕಿಕೊಂಡಿದ್ದಾನೆ ಎಂದು ಅವನಿಗೆ ಖಾತ್ರಿಯಾಯಿತು. ಶಿವಯೋಗೆಪ್ಪ ಅದಕ್ಕೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಹಂಗಿದ್ದರೆ ನಂಬರ್ ಹೇಳುವವನನ್ನೇ ಬದಲಿಸೋಣ ಎಂದ.

ಬದಲಿಸಲು ಬೇಕಾದ ನಂಬರು ಅವನಿಗೆ ಅರ್ಧ ನೆನಪಿತ್ತು. ಉಳಿದರ್ಧವನ್ನು ಕಾಲೇಜಿನ ಕ್ಲಾರ್ಕ್ ಜಕ್ಕಪ್ಪ ತನ್ನ ಮುಧೋಳದ ಭಾವನಿಗೆ ಫೋನ್ ಮಾಡಿ ತರಿಸಿದ. ಮಗ್ಗ ನಿಲ್ಲಿಸಿದ ಓಣಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು. ಎರಡೂ ಅರ್ಧ ಕೂಡಿಸಿ ಹಾಕಿದ ಮೇಲೆ ಗಿರಿಮಲ್ಲಪ್ಪ ಮಾಯವಾದ. ಅವನ ಜೊತೆಗೆ ರೈಲ್ವೆ ಟಿಕೆಟ್ಟು, ಕ್ರಿಕೆಟ್ ಸ್ಕೋರು, ಜಗತ್ತಿನ ಉಳಿದೆಲ್ಲ ಸೈಟುಗಳೂ ಮಾಯವಾದವು. ಸತ್ಯ ಹೇಳಬೇಕೆಂದರೆ ಬಸಗೊಂಡಪ್ಪನಿಗೆ ಒಂದು ಗಳಿಗೆ ಸಮಾಧಾನವೇ ಆಯಿತು.

ಯಾರೋ ಮೋಡೆಮಿನ ಹಿಂದಿನ ಸಣ್ಣ ತೂತಿಗೆ ಅನಸವ್ವನ ಪಿನ್ನು ಚುಚ್ಚಿದರು. ಅದು ಎಲ್ಲವನ್ನೂ ಮರೆತು ಪಾಸ್‌ವರ್ಡ್ ಕೇಳತೊಡಗಿತು. ಸೈಟು ಮಾಡಿಕೊಟ್ಟಿದ್ದ ಜಮಖಂಡಿಯ ಸುಭಾಷ್ ಬೀಳಗಿಗೆ ಹೋಗಿದ್ದವನು ಫೋನ್ ಎತ್ತುತ್ತಿರಲಿಲ್ಲ. ಕಡೆಗೆ ಶಿವಯೋಗೆಪ್ಪನೇ ತನ್ನ ಮನೆಯ ಪಾಸ್‌ವರ್ಡು ಹಾಕಿ ನೋಡುತ್ತೇನೆಂದು ಹಾಕಿದ. ಕೆಂಪು ದೀಪ ಹಸಿರಾಯಿತು, ಜಗತ್ತು ಮರಳಿ ಬಂತು. ಬಸಗೊಂಡಪ್ಪ ತನ್ನ ಹೆಸರು ಒತ್ತಿದ. ಈ ಸಲ ಗಿರಿಮಲ್ಲಪ್ಪ ಮೊದಲಿಗಿಂತ ಬೇಗ ಬಂದ.

ಅಷ್ಟರಲ್ಲಿ ಮಧ್ಯಾಹ್ನವಾಗುತ್ತ ಬಂದಿತ್ತು. ಶೇಠ್‌ಜಿ ನನ್ನ ಹೆಸರು ಒತ್ತಿ ಗಿರಿಮಲ್ಲಪ್ಪನ ಸೀರೆ ಆರಿಸಿಬಿಟ್ಟರೆ ಗತಿಯೇನು ಎಂದು ಬಸಗೊಂಡಪ್ಪ ಬಾಗಿಲಲ್ಲಿದ್ದವರನ್ನು ಕೇಳಿದ. ಫೋನ್ ಮಾಡಿ ಹೇಳಿಬಿಡುವುದೇ ಸರಿ ಎಂದು ನೆರೆದವರೆಲ್ಲ ಒಪ್ಪಿದರು. ಅಷ್ಟು ಮಂದಿ ಒಂದು ಮಾತಿಗೆ ಒಪ್ಪಿದ್ದು ನೋಡಿ ಅವನು ಹೆದರಬೇಕಿತ್ತು. ಹೆದರಲಿಲ್ಲ.

"ಶೇಠ್‌ಜಿ, ಇವತ್ತ ಮೋಸ ಆಗೈತ್ರಿ. ನನ್ನ ಸೈಟಿನ್ಯಾಗ ಹೆಸರಷ್ಟ ನಂದು, ಅದರಾಗಿನ ಸೀರಿ ಒಂದೂ ನಂದಲ್ರಿ. ಎಲ್ಲಾ ನಮ್ಮೂರ ಗಿರಿಮಲ್ಲಪ್ಪಂದು. ಖರೆ ಸುಳ್ಳ ಅವನ್ನಽ ಕೇಳ್ರಿ, ನಂಬರ್ ಕೊಡ್ತೀನಿ."

ಶೇಠ್‌ಜಿ ನಂಬರ್ ಬರೆದುಕೊಂಡರು. ಫೋನ್ ಇಟ್ಟ ಬಸಗೊಂಡಪ್ಪ ಅಷ್ಟಕ್ಕೇ ನಿಲ್ಲದೆ ಗಿರಿಮಲ್ಲಪ್ಪನ ಮನೆಗೆ ಹೋಗಿ, ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದವನನ್ನು ಓಣಿಗೆಲ್ಲ ಕೇಳುವಂತೆ ಬೈದ. ಗಿರಿಮಲ್ಲಪ್ಪ ಬೈಗಳನ್ನು ಪೂರ್ತಿ ಕೇಳಿದ. ತನ್ನ ಮನೆಯಲ್ಲಿ ಕಂಪ್ಯೂಟರೇ ಇಲ್ಲ, ಸೈಟಿನ ವ್ಯವಹಾರವೆಲ್ಲ ಬನಹಟ್ಟಿಯ ಅಳಿಯ ನೋಡುತ್ತಾನೆ, ಅದೂ ನಿನ್ನ ಸುಭಾಷನೇ ಮಾಡಿಕೊಟ್ಟದ್ದು ಎಂದು ಹೇಳಿ, ಒಂದು ಹಿಡಿ ಶೇಂಗಾ ಮುಂದೆ ಹಿಡಿದ. ಬಸಗೊಂಡಪ್ಪ ತೆಗೆದುಕೊಳ್ಳದೆ ಬಂದ.

ಸಂಜೆ ಸುಭಾಷ್ ಬೀಳಗಿಯಿಂದ ನೇರವಾಗಿ ಬೈಕಿನಲ್ಲಿ ಬಂದ. ಕುಳಿತ, ಎರಡು ಕಡೆ ಒತ್ತಿದ, ನಕ್ಕ.

ಸೈಟು ಮಾಡುವಾಗ, ಅದು ಹೊರಗೆ ಕಾಣುವ ಮೊದಲೇ ಬಸಗೊಂಡಪ್ಪನಿಗೆ ತೋರಿಸಲೆಂದು, ಅದಿದ್ದ ಜಾಗದ ನಂಬರನ್ನು ಅವನು ಈ ಕಂಪ್ಯೂಟರಿನೊಳಗೇ ಬರೆದಿಟ್ಟಿದ್ದ. ಹೀಗೆ ಒಳಗೆ ಬರೆದಿದ್ದರೆ ಕಂಪ್ಯೂಟರು ಹೊರಗೆ ಯಾರನ್ನೂ ಕೇಳುವುದೇ ಇಲ್ಲ. ಹೋದ ವಾರ ಬಸಗೊಂಡಪ್ಪನ ಸೈಟು ಹೊಸ ಜಾಗಕ್ಕೆ ಹೋಯಿತು. ಹಳೆಯ ಜಾಗದಲ್ಲಿ ಅದರ ಜೊತೆಗಿದ್ದ ಗಿರಿಮಲ್ಲಪ್ಪನ ಸೈಟೊಂದೇ ಉಳಿಯಿತು.

"ಅವತ್ತು ಹಳೇ ನಂಬರ್ ಅಳಸ್ತೀನಿ ಅಂದಿದ್ದೆ ಕಾಕಾರ. ನೀವಽ ಬ್ಯಾಡ ಅಂದ್ರಿ."

ಬಸಗೊಂಡಪ್ಪನಿಗೆ ನೆನಪಾಯಿತು. ಮಗ್ಗದಲ್ಲಿ ಉದ್ದೆಳೆಗಳ ಹಾಸು ಮುಗಿದರೆ ನೇಕಾರರು ಅದರ ತುದಿಯನ್ನು ಕಿತ್ತು ಬಿಸಾಡುವುದಿಲ್ಲ; ಹಳೆಯ ಎಳೆಗಳನ್ನು ಹಾಗೇ ಬಿಟ್ಟು, ಒಂದೊಂದಕ್ಕೂ ಹೊಸ ಹಾಸಿನ ಎಳೆ ಕೆಚ್ಚಿ ಗಂಟು ಹಾಕುತ್ತಾರೆ. ಹಳೆಯದನ್ನು ಕಿತ್ತರೆ ಸಾವಿರಾರು ಎಳೆಗಳನ್ನು ಮೊದಲಿನಿಂದ ಪೋಣಿಸಬೇಕು. ಅದಕ್ಕೇ ಅವನು, ಹಳೆಯದು ಇರಲಿ, ಹೊಸದನ್ನು ಅದರ ಬೆನ್ನಿಗೆ ಜೋಡಿಸು ಎಂದು ಹಟ ಹಿಡಿದಿದ್ದ. ಸುಭಾಷ್ ಜೋಡಿಸಿದ್ದ, ಪರೀಕ್ಷಿಸಿ ನೋಡುವ ಮೊದಲೇ ಕರೆಂಟು ಹೋಗಿತ್ತು. ಕಂಪ್ಯೂಟರು ಮೊದಲು ಕಂಡ ನಂಬರನ್ನು ಹಿಡಿದು ಹೋಗುತ್ತಿತ್ತು, ಕೆಳಗಿನದನ್ನು ಓದುತ್ತಲೇ ಇರಲಿಲ್ಲ.

"ಅಂದ್ರ ಮಂದಿಗೂ ಗಿರಿಮಲ್ಲಪ್ಪನಽ ಕಾಣ್ತಾನೇನು?"

"ಇಲ್ರಿ. ಮಂದಿಗೆಲ್ಲಾ ನೀವಽ ಕಾಣ್ತೀರಿ. ಅವ ಕಾಣೂದು ಇದೊಂದರಾಗಽ."

ಸುಭಾಷ್ ಹಳೆಯ ನಂಬರು ಅಳಿಸಿದ. ಬಸಗೊಂಡಪ್ಪನ ಸೈಟು ಬಸಗೊಂಡಪ್ಪನ ಸೀರೆಗಳೊಂದಿಗೆ ತೆರೆಯಿತು. ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿದರು. ಬಸಗೊಂಡಪ್ಪ ಮಾತ್ರ ಮಧ್ಯಾಹ್ನ ತಾನು ಶೇಠ್‌ಜಿಗೆ ಹೇಳಿದ್ದನ್ನು ನೆನೆದು ಫೋನಿಗೆ ಓಡಿದ.

ಶೇಠ್‌ಜಿ ಖುಷಿಯಲ್ಲಿದ್ದರು. ಮಧ್ಯಾಹ್ನವೇ ಸೈಟು ನೋಡಿದರಂತೆ. ಅದರಲ್ಲಿದ್ದ ಸೀರೆಗಳಿಗೆ ಮನಸೋತರಂತೆ. ಅವನು ಹೇಳಿದ್ದನ್ನು ನಂಬಿ, ಅವನೇ ಕೊಟ್ಟ ನಂಬರಿಗೆ ಫೋನ್ ಮಾಡಿ, ದಸರೆಯ ಆರ್ಡರನ್ನು ಪೂರ್ತಿ ಗಿರಿಮಲ್ಲಪ್ಪನಿಗೆ ಕೊಟ್ಟು ಮಾತು ಮುಗಿಸಿದರಂತೆ. ಅವು ನನ್ನ ಸೀರೆಗಳೇ ಎಂದು ಬಸಗೊಂಡಪ್ಪ ಈಗ ಹೇಳಿದಾಗ ಅವರ ದನಿ ಬದಲಾಯಿತು. ಮಧ್ಯಾಹ್ನಕ್ಕೊಂದು ಸಂಜೆಗೊಂದು ಹೇಳುವವರ ಜೊತೆ ವ್ಯಾಪಾರ ಮಾಡುವುದಿಲ್ಲ ಎಂದು ಫೋನ್ ಇಟ್ಟರು.

ದೀಪ ಹಚ್ಚುವ ಹೊತ್ತಿಗೆ ಗಿರಿಮಲ್ಲಪ್ಪನೇ ಬಂದ. ನೀನು ಬೈದು ಹೋದ ಮೇಲೆ ಭಾಗ್ಯ ಬಂತು, ಆದರೆ ಅದರ ಜೊತೆ ಒಂದು ತೊಡಕೂ ಬಂತು ಎಂದ. ಸೈಟಿನಲ್ಲಿರುವ ನಿಮ್ಮ ಸೀರೆ ಬೇಕು ಎಂದು ಶೇಠ್‌ಜಿ ಕೇಳಿದಾಗ ಹೂಂ ಎಂದಿದ್ದಾನೆ. ಈಗ ಅವರು ಅಳಿಯನಿಗೆ ಕಳಿಸಿದ ಚಿತ್ರ ನೋಡಿದರೆ, ಅಂಥ ಸೀರೆ ಅವನ ಮಗ್ಗದಲ್ಲಿ ಯಾವತ್ತೂ ನೇಯ್ದದ್ದಿಲ್ಲ. ಚಿತ್ರಗಳನ್ನು ಮುಂದೆ ಹರಡಿದ.

ಅನಸವ್ವ ಬಗ್ಗಿ ನೋಡಿ, "ಇವು ನಮ್ಮೂ ಅಲ್ಲೇನ್ರಿ?" ಎಂದಳು.

ಬಸಗೊಂಡಪ್ಪ ಬಾಯಿ ತೆರೆದ. ಮಧ್ಯಾಹ್ನ ಇಡೀ ಓಣಿಯ ಎದುರು ಅವು ತನ್ನವಲ್ಲ ಎಂದು ಹೇಳಿದ್ದು ನೆನಪಾಗಿ, ಬಾಯಿ ಮುಚ್ಚಿದ. ಒಳಗೆ ಆರು ಮಗ್ಗಗಳು ಸುಮ್ಮನೆ ನಿಂತಿದ್ದವು, ನಾಳೆ ನೇಕಾರರು ಬರುವವರಿದ್ದರು. ಕಡೆಗೆ ತಾನೇ ಕೂಲಿಗೆ ನೇಯ್ದು ಕೊಡುತ್ತೇನೆ ಎಂದ.

ಗಿರಿಮಲ್ಲಪ್ಪ ಚಿತ್ರವನ್ನೊಮ್ಮೆ, ಬಸಗೊಂಡಪ್ಪನನ್ನೊಮ್ಮೆ ಅನುಮಾನದಿಂದ ನೋಡಿದ.

"ಮೊದಲ ಒಂದು ಸ್ಯಾಂಪಲ್ ನೇಯ್ದು ತೋರ್ಸು. ಇಂಥಾ ಅಂಚು ನಿನ್ನ ಕೈಲೆ ಆಗ್ತೈತೋ ಇಲ್ಲೋ ನೋಡೂಣು."