ಬಸ್ಕಿ ಹೊಡೀದ ಹೀರೋಗಳು

ತಾಕತ್ತಿದ್ರೆ ನಂಬದೇ ಇರಿ ನೋಡಾನ. ಹದಿನಾರು ಅನ್ನೋ ಊರಿನ ನಮ್ಮ ಬಾಮೈದ, ಎಪ್ಪತ್ತು ದಾಟಿದ ಹಳೇ ಪೈಲ್ವಾನ, ಈಗ ವಿಡಿಯೋ ಗೇಮಿನ ಹೀರೋ ಆಗವ್ನೆ.

ಇವನ ಕಾಯಿಲೆ ಏನಂದ್ರೆ, ಯಾವ ಗಂಡಸು ಸಿಕ್ಕಿದ್ರೂ ಮುಖ ನೋಡಲ್ಲ, ಮೀನಖಂಡ ನೋಡ್ತಾನೆ. ಆಗಿನ ಕಾಲ್ದಲ್ಲಿ ನನ್ನ ಮಗಳಿಗೆ ಗಂಡು ನೋಡಕ್ಕೆ ನರಸೀಪುರಕ್ಕೆ ಹೋಗಿದ್ದೊ. ನಾವು ಕೆಲ್ಸ, ನಕ್ಷತ್ರ ಅಂತ ವಿಚಾರಿಸ್ತಿದ್ರೆ ಇವನು, “ಒಸಿ ಪ್ಯಾಂಟು ಮೇಲೆತ್ತಪ್ಪ” ಅಂದ. ಉಪ್ಪಿಟ್ಟು ಮುಗಿಯೋ ಹೊತ್ಗೆ ಸಂಬಂಧಾನೂ ಮುಗ್ದಿತ್ತು.

ಇವನ ಮೊಮ್ಮಗಳು ಗೇಮುಗಳಿಗೆ ಚಿತ್ರ ಬರೆಯೋದು ಕಲ್ತವ್ಳೆ. ಮೈಸೂರಿನ ಕಂಪನಿಯೋರು, ಒಬ್ಬ ಹೀರೋನ ಬರ್ದು ಕಳ್ಸು, ಒಪ್ಪಿಗೆ ಆದ್ರೆ ಕೆಲ್ಸ ಅಂದಿದ್ರು. “ಇವನನ್ನ ಎಲ್ಲೋ ನೋಡಿದೀವಿ” ಅಂತ ಎರಡು ಸಲ ಚಿತ್ರ ವಾಪಸ್ ಬಂತು. ಸಂಜೆಯೊಳಗೆ ಮೂರನೇದು ಹೋಗ್ಬೇಕು, ಅದೇ ಕೊನೇದು. ಜಗಲಿ ಮೇಲೆ ಮುಖ ಊದಿಸ್ಕೊಂಡು ಕುಂತಿದ್ಲು.

“ಎಲ್ಲಿ, ಬೇರೆಯೋರು ಎಂಗ್ ಬರ್ದವ್ರೆ ತೋರ್ಸವ್ವ” ಅಂದ ಬಾಮೈದ.

ಮೊದಲು ಅಮೆರಿಕದೋನ್ನ ತೋರಿಸಿದ್ಲು. ಭುಜ ಬಾಗಿಲಿನಷ್ಟು, ಕತ್ತೇ ಇಲ್ಲ. ಬಾಮೈದ ಕೆಳಗಡೆ ಬಗ್ಗಿ ನೋಡ್ದ. “ಮೇಲ್ಗಡೆ ಕೋಣ, ಕೆಳಗಡೆ ಕೋಳಿ. ಬಸ್ಕಿ ಒಡ್ದಿಲ್ಲ ಇವ್ನು.”

ಆಮೇಲೆ ಜಪಾನಿನೋನು. ಹಿಡಿಯಷ್ಟು ಸೊಂಟ, ಕಣ್ಮೇಲೆ ಕೂದ್ಲು, ತನಗಿಂತ ಉದ್ದದ ಕತ್ತಿ.

“ಈ ಮಗೀಗೆ ಊಟ ಇಕ್ಕೋರಿಲ್ವಾ? ಜುಟ್ಟು ಹಿಡ್ದ್ರೆ ಕುಸ್ತಿ ಮುಗೀತು.”

“ತಾತ, ಅಲ್ಲಿ ನಾಜೂಕಾಗಿದ್ರೇ ಚೆಂದ. ಒಂದೊಂದು ದೇಶಕ್ಕೆ ಒಂದೊಂಥರ ಗಂಡಸು.”

“ನಮ್ಮ ದೇಶದೋನು ಎಲ್ಲವ್ನೆ?”

ಎರಡು ಸಲ ಅವಳು ಕಳ್ಸಿದ್ದೂ ಈ ಇಬ್ಬರನ್ನೇ, ಪಂಚೆ ಉಡಿಸಿ.

ನಾನು ಬಿಡ್ತೀನಾ? “ನಿನ್ನ ಹೊಟ್ಟೆನೇ ಬರೀಲಿ ಕಣ್ಲಾ, ಒಂದು ದೇಶದಷ್ಟದೆ” ಅಂದೆ.

“ಇದು ಒಟ್ಟೆ ಅಲ್ಲ ಭಾವ, ಹಾಲು, ಬಾದಾಮಿ. ಬೀಳ್ಸಕ್ಕೆ ಬಂದೋನು ತಬ್ಬಕ್ಕಾಗ್ದೆ ವಾಪಸ್ ಓಗ್ತಿದ್ದ” ಅಂದೋನೇ ಅಂಗಿ ಬಿಚ್ಚಿದ. ಕಚ್ಚೆ ಬಿಗಿದು, ಅಂಗಳದ ಕೆಮ್ಮಣ್ಣು ಭುಜಕ್ಕೆ ತಿಕ್ಕಿ, ತೊಡೆ ತಟ್ಟಿ, ಮಂಡಿ ಬಗ್ಸಿ ನಿಂತ, ಗರಡೀಲಿ ಎದುರಾಳಿಗೆ ಕಾಯೋ ಹಂಗೆ. “ಬರ್ಕೊ ಮಗ.”

ಮಂಡಿ ಸವೆದು ಗರಡಿ ಬಿಟ್ಟ ಮನುಷ್ಯ. ಅವಳು ಬರೆದು ಮುಗಿಸೋ ತನಕ ಕಲ್ಲಿನಂಗೆ ನಿಂತಿದ್ದ. ಕಾಲು ಒಂಚೂರೂ ನಡುಗ್ಲಿಲ್ಲ.

“ಇವನನ್ನ ನಾವು ಎಲ್ಲೂ ನೋಡಿಲ್ಲ” ಅಂತ ಕಂಪನಿಯೋರು ಒಪ್ಕೊಂಡ್ರು. ಮುಂದಿನ ತಿಂಗಳಿಂದ ಅವಳಿಗೆ ಕೆಲ್ಸ.

ಇಷ್ಟರಲ್ಲಿ ನಾನು ಸೇರಿಸಿದ್ದು ಒಂದೇ ಸುಳ್ಳು. ಅವನ ಕಾಲು ನಡುಗ್ತಿತ್ತು. ನಾನು ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕುಂತು, ಎರಡೂ ಕೈಲಿ ಅವನ ಸೊಂಟ ತಡ್ಕಂಡಿದ್ದೆ. ಅಷ್ಟು ದೊಡ್ಡ ಆಳಿನ ಹಿಂದೆ ನಾನೆಲ್ಲಿ ಕಾಣ್ತೀನಿ? ಚಿತ್ರದಲ್ಲಿ ಅವನೊಬ್ಬನೇ ಅವ್ನೆ.