ಎಲ್ಲಾ ಕರೆಗಳೂ ಒಂದೇ ಮೇಜಿಗೆ

ಯಾರು ಏನು ಕೇಳಿದರೂ ಹೂಂ ಎನ್ನುವುದೇ ರೂಟರಪ್ಪನ ಕಾಯಿಲೆ. ಕಚೇರಿಯ ಹಳೇ ಫೋನುಗಳನ್ನು ಕಿತ್ತು, ಇಂಟರ್ನೆಟ್ ಮೇಲೆ ಓಡುವ ಹೊಸವನ್ನು ಇಟ್ಟಿದ್ದರು. ಯಾವ ನಂಬರಿನ ಕರೆ ಯಾವ ಮೇಜಿಗೆ ಹೋಗಬೇಕೆಂದು ರೂಟರಿಗೆ ಕಲಿಸುವ ಕೆಲಸ ಅವನದು. ಹೆಸರು ಬಂದದ್ದೂ ಅದರಿಂದಲೇ.

ಇವತ್ತು ಮುಖ್ಯ ಕಚೇರಿಯ ದೊಡ್ಡ ಸಾಹೇಬರು ಒಂದೊಂದೇ ವಿಭಾಗಕ್ಕೆ ಫೋನ್ ಮಾಡಿ ಪರೀಕ್ಷೆ ಮಾಡುವವರಿದ್ದರು. ಹೆಂಡತಿ, ಮಗಳು ಇರುವ ಊರಿಗೆ ಅವನು ವರ್ಗ ಕೇಳಿದ್ದ ಅರ್ಜಿಯೂ ಅವರ ಕೈಯಲ್ಲೇ ಇತ್ತು. ಮಗಳ ಮುಖವನ್ನು ತಿಂಗಳಿಗೊಮ್ಮೆ ನೋಡುವ ಬಾಳು ಅವನಿಗೆ ಸಾಕುಸಾಕಾಗಿತ್ತು.

ಬೆಳಿಗ್ಗೆಯೇ ಅಕೌಂಟೆಂಟ್ ಬಂದ. "ದೊಡ್ಡ ಸಾಹೇಬ್ರು ಅಂದ್ರೆ ನನಗೆ ನಾಲಿಗೆ ಹೊರಳೋಲ್ಲ ಕಣಪ್ಪಾ. ನನ್ನ ಫೋನು ಸ್ಟೋರ್ ಮೇಡಂಗೆ ಹೋಗೋ ಹಾಗೆ ಮಾಡಿಬಿಡು."

"ಅದಕ್ಕೇನಂತೆ, ಮಾಡೋಣ."

ಅವನು ಆ ಕಡೆ ಹೋದ, ಸ್ಟೋರ್ ಮೇಡಂ ಈ ಕಡೆ ಬಂದರು. "ನನ್ನದನ್ನ ಮ್ಯಾನೇಜರ್‌ಗೆ ತಿರುಗಿಸಪ್ಪಾ. ಯಾರಿಗೂ ಹೇಳ್ಬೇಡ." ಮ್ಯಾನೇಜರೋ, ಹಲ್ಲುನೋವೆಂದು ಕೆನ್ನೆ ಹಿಡಿದು ಹೊರಟವರು ಬಾಗಿಲಲ್ಲೇ ನಿಂತು, "ನಂದು ಅಕೌಂಟೆಂಟ್‌ಗೆ ಹಾಕಯ್ಯಾ" ಅಂದರು.

ಮೂವರಿಗೂ ಹೂಂ ಅಂದಮೇಲೆ ಅವನಿಗೆ ಹೊಳೆಯಿತು. ಬಂದ ಕರೆ ಗಾಣದೆತ್ತಿನ ಹಾಗೆ ಮೂರು ಮೇಜುಗಳನ್ನೇ ಸುತ್ತುತ್ತದೆ, ಯಾರಿಗೂ ಸಿಗುವುದಿಲ್ಲ! ಗಾಬರಿಯಲ್ಲಿ ರೂಟರಿಗೆ ಇನ್ನೊಂದು ಮಾತು ಕಲಿಸಿದ: ಸುತ್ತಿ ಬಂದದ್ದೆಲ್ಲ ನನ್ನ ಮೇಜಿಗೆ.

ಸ್ವಲ್ಪ ಹೊತ್ತಿಗೇ ಫೋನ್ ಹೊಡೆದುಕೊಂಡಿತು.

"ಅಕೌಂಟ್ಸಾ?" ದೊಡ್ಡ ಸಾಹೇಬರ ದನಿ.

ಇಲ್ಲ ಎಂದರೆ ಪರೀಕ್ಷೆಯೂ ಮಣ್ಣುಪಾಲು, ವರ್ಗವೂ ಮಣ್ಣುಪಾಲು. ಅಕೌಂಟೆಂಟ್‌ನ ಹಾಗೆ ಕೆಮ್ಮಿ, "ಹೌದು ಸಾರ್" ಎಂದ.

ಮತ್ತೆ ರಿಂಗು. "ಸ್ಟೋರಾ?" ಈ ಸಲ ಮೂಗು ಹಿಡಿದು ಹೆಣ್ಣುದನಿ ತೆಗೆದ.

"ಏನು ಮೇಡಂ, ಶೀತಾನಾ?"

"ಹೂಂ ಸಾರ್, ತುಂಬಾ."

ಎದುರಿಗೇ ಕೂತಿದ್ದ ಸ್ಟೋರ್ ಮೇಡಂ ಕಣ್ಣು ಕೆಕ್ಕರಿಸಿ ನೋಡಿದರು. ಆ ಹೊತ್ತಿಗೆ ಮ್ಯಾನೇಜರ್ ನಂಬರಿನ ಕರೆಯೂ ಬಂತು. ರೂಟರಪ್ಪ ಹೊಟ್ಟೆಯಿಂದ ದನಿ ಎಳೆದು "ಹಲೋ" ಎಂದ.

"ಭೇಷ್ ಕಣ್ರೀ! ಎಲ್ಲರೂ ಮೊದಲ ರಿಂಗಿಗೇ ಎತ್ತಿದ್ರು. ಅಂದಹಾಗೆ, ನಿಮ್ಮ ಫೋನಿನವನು ವರ್ಗ ಕೇಳಿದಾನಲ್ಲ, ಆಸಾಮಿ ಹೇಗೆ?"

ಇಷ್ಟು ವರ್ಷದಲ್ಲಿ ಒಬ್ಬರೂ ರೂಟರಪ್ಪನ ಬೆನ್ನು ತಟ್ಟಿರಲಿಲ್ಲ. ಸರಿ, ತಾನೇ ತಟ್ಟಿಕೊಳ್ಳಲು ಶುರುಮಾಡಿದ. "ಅಪರಂಜಿ ಸಾರ್ ಅವನು! ಊಟ ತಿಂಡಿ ಬಿಟ್ಟು ದುಡೀತಾನೆ. ನಾವೆಲ್ಲಾ ಸುಮ್ನೆ ಲೆಕ್ಕಕ್ಕೆ. ಅವನಿಲ್ಲದಿದ್ರೆ ಈ ಕಚೇರಿ ಒಂದು ದಿನಾನೂ ನಡೆಯೋಲ್ಲ!"

"ಅಯ್ಯಯ್ಯೋ, ಆರ್ಡರಿಗೆ ಸಹಿ ಹಾಕೋಕೆ ಪೆನ್ನು ತೆಗೆದಿದ್ದೆ! ಒಳ್ಳೆ ಸಮಯಕ್ಕೆ ಹೇಳಿದ್ರಿ. ಇಂಥವನನ್ನ ಕಳಿಸಿಬಿಟ್ರೆ ನಿಮ್ಮ ಗತಿ ಏನು? ವರ್ಗ ಇಲ್ಲ, ಅಲ್ಲೇ ಇರ್ಲಿ."

"ಹಾಗಲ್ಲ ಸಾರ್... ಪಾಪ, ಅವನ ಹೆಂಡತಿ, ಮಗಳು..." ದನಿ ಹೊಟ್ಟೆಯಿಂದ ಗಂಟಲಿಗೆ ಬಂದಿತ್ತು.

"ನಿಮಗೆ ಕರುಣೆ ಜಾಸ್ತಿ ಕಣ್ರೀ. ಅವನನ್ನ ಕರೆದು ಮೆಲ್ಲಗೆ ತಿಳಿಸಿ. ನಾನು ಲೈನಲ್ಲೇ ಇರ್ತೀನಿ."

ರೂಟರಪ್ಪ ರಿಸೀವರನ್ನು ಮೇಜಿನ ಮೇಲಿಟ್ಟ. ಮತ್ತೆ ಎತ್ತಿಕೊಂಡು, "ತಿಳಿಸ್ದೆ ಸಾರ್" ಎಂದ.

"ಏನಂದ?"

"ಅಳ್ತಾ ಇದಾನೆ ಸಾರ್."