ಅರ್ಧ ಅಡಿಗೊಂದು ನಕ್ಷತ್ರ

"ಆಕಾಶ ತಾನೇ? ನನಗೆ ಬಿಡು. ಶನಿವಾರ ಸಂಜೆಯೊಳಗೆ ಮುಗಿಸಿಕೊಡ್ತೀನಿ" ಎಂದೆ. ಬ್ರಹ್ಮನೂ ಇಷ್ಟು ಧೈರ್ಯವಾಗಿ ಗಡುವು ಕೊಟ್ಟಿರಲಾರ. ಆದರೆ ಬ್ರಹ್ಮನಿಗೆ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದ ಅನುಭವ ಎಲ್ಲಿತ್ತು?

ವಿಷಯ ಇಷ್ಟು. ಚಂದಾಪುರದ ನಮ್ಮ ಅಪಾರ್ಟ್‌ಮೆಂಟಿನ ಭಾನುವಾರ ಸಂಜೆಯ ರಾಜ್ಯೋತ್ಸವಕ್ಕೆ ನನ್ನ ಹೆಂಡತಿ ಶಾಂಭವಿ ಒಂದು ನಾಟಕ ಬರೆದಿದ್ದಳು. ಕಾಲೇಜಿನಲ್ಲಿ ಬಣ್ಣ ಹಚ್ಚಿದವಳು ಹದಿಮೂರು ವರ್ಷದ ಮೇಲೆ ಮತ್ತೆ ರಂಗ ಹತ್ತುತ್ತಿದ್ದಳು. ಕೊನೆಯ ದೃಶ್ಯದಲ್ಲಿ ತಾಯಿ ಮಗಳು ಮಾಳಿಗೆಯ ಮೇಲೆ ಮಲಗಿ ನಕ್ಷತ್ರ ನೋಡುತ್ತಾರೆ. ತಾಯಿ ಅವಳೇ, ಮಗಳು ನಮ್ಮ ಒಂಬತ್ತು ವರ್ಷದ ಸ್ಫೂರ್ತಿ. ಸಂಘದ ಕಾರ್ಯದರ್ಶಿ ಮುರಳಿ ಮಾತ್ರ, "ನಕ್ಷತ್ರಕ್ಕೆಲ್ಲ ಬಜೆಟ್ ಇಲ್ಲ ಮೇಡಂ, ಸ್ಪಾನ್ಸರ್ ಕೊಟ್ಟಿರೋ ಫ್ಲೆಕ್ಸ್ ಇದೆಯಲ್ಲ" ಎಂದಿದ್ದರು. ಆ ಫ್ಲೆಕ್ಸಿನಲ್ಲಿ ಒಂದು ಜಲಪಾತ, ಪಕ್ಕದಲ್ಲಿ ಮಾರಾಟಕ್ಕಿರುವ ಸೈಟುಗಳ ನಕ್ಷೆ.

"ಸೈಟುಗಳ ಮುಂದೆ ಮಲಗಿ ನಾನು ಮಗಳಿಗೆ ನಕ್ಷತ್ರ ತೋರಿಸಲ್ಲ ರೀ. ಆಕಾಶ ಇಲ್ಲ ಅಂದ್ರೆ ನಾಟಕನೇ ಬೇಡ" ಎಂದಳು. ಆಗಲೇ ನಾನು ಎದೆ ತಟ್ಟಿಕೊಂಡದ್ದು.

ನನ್ನ ಯೋಜನೆ ಅಗ್ಗದ್ದು. ಹದಿನೆಂಟು ಅಡಿ ಅಗಲ, ಹತ್ತು ಅಡಿ ಎತ್ತರದ ಕಪ್ಪು ಬಟ್ಟೆ. ಅದಕ್ಕೆ ತೂತು. ಹಿಂದೆ ಬಲ್ಬು. ತೂತಿನಿಂದ ಬೆಳಕು ಬಂದರೆ ಅದೇ ನಕ್ಷತ್ರ! ಶನಿವಾರ ಅಪಾರ್ಟ್‌ಮೆಂಟಿನ ಸಮಾರಂಭದ ಹಾಲ್‌ನಲ್ಲಿ ಬಟ್ಟೆ ಹಾಸಿ ಸ್ಕೇಲು, ಸೀಮೆಸುಣ್ಣ, ದಪ್ಪ ಸೂಜಿ ಹಿಡಿದು ಕೂತೆ. ಅಂದಾಜಿನ ಕೆಲಸ ನನ್ನ ರಕ್ತದಲ್ಲೇ ಇಲ್ಲ. ಅರ್ಧ ಅಡಿಗೊಂದು ಗುರುತು. ಸಾಲಿಗೆ ಮೂವತ್ತೈದರಂತೆ ಹತ್ತೊಂಬತ್ತು ಸಾಲು, ಒಟ್ಟು ಆರುನೂರ ಅರವತ್ತೈದು ನಕ್ಷತ್ರ. ಮೂರು ತೂತು ಕೂದಲೆಳೆಯಷ್ಟು ದೊಡ್ಡದಾಗಿದ್ದವು. ಅವಕ್ಕೆ ತೇಪೆ ಹಾಕಿ ಮತ್ತೆ ಕೊರೆದೆ.

ಸಂಜೆ ಬಟ್ಟೆ ಕಟ್ಟಿ ಗತ್ತಿನಿಂದ ಸ್ವಿಚ್ ಒತ್ತಿದೆ.

"ಇದೇನ್ರೀ?" ಎಂದಳು ಶಾಂಭವಿ.

"ಆಕಾಶ."

"ಇದು ಜರಡಿ ಕಣ್ರೀ."

"ಒಂದೇ ಒಂದು ಚುಕ್ಕಿ ಸೊಟ್ಟ ಇದ್ರೆ ತೋರಿಸು ನೋಡೋಣ."

"ಅದೇ ತೊಂದ್ರೆ" ಎಂದು ತಲೆಯ ಮೇಲೆ ಕೈಹೊತ್ತು ಕೂತಳು.

ಭಾನುವಾರ ಬೆಳಿಗ್ಗೆ ಮೂವರೂ ಕೂತು ಆರುನೂರ ಅರವತ್ತೈದು ನಕ್ಷತ್ರಗಳಿಗೂ ಹಿಂದಿನಿಂದ ಕಪ್ಪು ಟೇಪು ಅಂಟಿಸಿದೆವು. ಸೃಷ್ಟಿಗಿಂತ ಪ್ರಳಯಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಈಗ ಅಳತೆಯೇ ಬೇಡವೆಂದು ತೀರ್ಮಾನಿಸಿ, ಬೊಗಸೆ ತುಂಬ ಸಾಸಿವೆ ತಂದು ಬಟ್ಟೆಯ ಮೇಲೆ ಎರಚಿದೆ. ಎಲ್ಲಿ ಬೀಳುತ್ತದೋ ಅಲ್ಲಿ ನಕ್ಷತ್ರ! ಸಾಸಿವೆ ಬಟ್ಟೆಯ ಮೇಲೆ ಬಿತ್ತು, ಪುಟಿಯಿತು, ಹಾಲ್‌ನ ಮೂಲೆಮೂಲೆಗೂ ಉರುಳಿ ಹೋಯಿತು. ಅದೇ ಹೊತ್ತಿಗೆ ಒಳಗೆ ಬಂದ ಮುರಳಿ ಅದರ ಮೇಲೆ ಕಾಲಿಟ್ಟು ಸರ್ರನೆ ಜಾರಿ ನನ್ನೆದುರಿಗೇ ಕೂತರು.

"ರೇವಣಸಿದ್ದ ಸಾರ್, ಐದು ಗಂಟೆಗೆ ಫ್ಲೆಕ್ಸ್ ಕಟ್ಟಿಸ್ತೀನಿ" ಎಂದು ಸೊಂಟ ಹಿಡಿದುಕೊಂಡೇ ಹೋದರು. ಶಾಂಭವಿ ನಾಟಕದ ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕತೊಡಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ನೋಡಲಾಗಲಿಲ್ಲ.

ಹಾಲ್ ಗುಡಿಸಲು ಬಂದ ಲಕ್ಷ್ಮವ್ವ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಳು. ಸುರಪುರದ ಕಡೆಯವಳು, ನಮ್ಮ ಅಪಾರ್ಟ್‌ಮೆಂಟಿನ ಕಸ ಬಳಿಯುವ ಕೆಲಸ ಅವಳದು.

"ಏನ್ರಿ ಸಾಹೇಬ್ರ, ಒಗ್ಗರಣಿ ನೆಲಕ್ಕ ಹಾಕೀರಿ?"

ನನ್ನ ಗೋಳು ಹೇಳಿಕೊಂಡೆ.

"ಅದಕ್ಕ ಸಾಸಿವಿ ಯಾಕ್ರಿ? ಚುಕ್ಕಿ ಎಲ್ಲೆಲ್ಲಿ ಅದಾವ, ಅಲ್ಲಲ್ಲೇ ಹಾಕಿದ್ರ ಆತು."

"ಎಲ್ಲೆಲ್ಲಿವೆ ಅಂತ ಯಾರಿಗೆ ಗೊತ್ತು ಲಕ್ಷ್ಮವ್ವ?"

"ಮದಿವಿ ಆಗೂತನಕ ಮಾಳಿಗಿ ಮ್ಯಾಲೆ ಮಲಗೀನ್ರಿ. ಮರೀತಾವೇನು?"

ಅವಳು ಕೇಳಿದ್ದು ಒಂದು ಕಟ್ಟು ಊದಿನಕಡ್ಡಿ. ಹಚ್ಚಿದ ಕಡ್ಡಿಯ ಕೆಂಪು ತುದಿಯನ್ನು ಬಟ್ಟೆಗೆ ತಾಕಿಸಿದಳು, ಅಂಚು ಸುಟ್ಟ ಪುಟ್ಟ ತೂತು ಬಿತ್ತು. ಒಂದು ಕಡೆ ಸಾಲಾಗಿ ಮೂರು. ಒಂದು ಕಡೆ ಒತ್ತೊತ್ತಾಗಿ ಆರು. ಒಂದು ಕಡೆ ಎರಡು ಅಡಿ ಪೂರಾ ಖಾಲಿ. ಆಮೇಲೆ ನನ್ನ ಸೂಜಿ ಇಸಿದುಕೊಂಡು ಈ ಮೂಲೆಯಿಂದ ಆ ಮೂಲೆಗೆ ಲೆಕ್ಕವಿಲ್ಲದಷ್ಟು ಚುಚ್ಚಿದಳು. ನನ್ನ ಹೊಟ್ಟೆಯೊಳಗಿನ ಇನ್‌ಸ್ಪೆಕ್ಟರ್ ಒದ್ದಾಡಿಹೋದ.

"ಆ ಎರಡು ತೀರಾ ಹತ್ರ ಆಯ್ತಲ್ಲ?"

"ಅವು ಅಕ್ಕ ತಂಗೇರ್ರಿ. ಹಂಗ ಇರ್ತಾವ."

ಐದಕ್ಕೆ ಐದು ನಿಮಿಷವಿರುವಾಗ ಬಟ್ಟೆ ಕಟ್ಟಿದೆವು. ಸೀರೆಗಳು ಚೀಲದಿಂದ ಹೊರಗೆ ಬಂದವು. ನನಗೆ ಉಳಿದದ್ದು ಸ್ವಿಚ್ಚಿನ ಕೆಲಸ. ಕೊನೆಯ ದೃಶ್ಯಕ್ಕೆ ನಕ್ಷತ್ರ ಹಚ್ಚಬೇಕು. ಶಾಂಭವಿ "ಕೋಳಿ ಕೂಗಿತು ಮಗಳೇ" ಎಂದೊಡನೆ ಅದನ್ನು ಆರಿಸಿ, ಹಳದಿ ದೀಪ ಹಾಕಿ ಸೂರ್ಯನನ್ನು ತರಬೇಕು.

ಸಮಯಕ್ಕೆ ಸರಿಯಾಗಿ ನಕ್ಷತ್ರ ಹಚ್ಚಿದೆ. ಇನ್ನೂರು ಜನರ ಹಾಲ್ ಒಮ್ಮೆಲೇ ಸದ್ದಡಗಿತು. ಕೆಮ್ಮೂ ಇಲ್ಲ. ಹಿಂದೆ ನಿಂತ ನನಗೆ ಕಾಣುತ್ತಿದ್ದುದು ಬಲ್ಬು ಮಾತ್ರ. ಮತ್ತೆ ಜರಡಿಯೇ ಆಯಿತೇನೋ ಎಂದು ಹೆದರಿ, ಪಕ್ಕದ ಬಾಗಿಲಿನಿಂದ ಮುಂದಕ್ಕೆ ಓಡಿದೆ.

ನೋಡಿದೆ. ಗೋಡೆ ಇರಲಿಲ್ಲ. ಹಾಲ್ ಅಲ್ಲಿಗೆ ಮುಗಿದು, ಅದರಾಚೆ ಕೊನೆಯೇ ಇಲ್ಲದ ಕತ್ತಲು, ಕತ್ತಲ ತುಂಬ ನಕ್ಷತ್ರ. ಕೆಲವು ದಪ್ಪ, ಕೆಲವು ಇವೆಯೋ ಇಲ್ಲವೋ ಎನ್ನುವಷ್ಟು ಸಣ್ಣವು, ನಡುವೆ ಹಾಲು ಚೆಲ್ಲಿದ ಹಾಗೆ ಒಂದು ಹಾದಿ. ಒಬ್ಬರೂ ಮೊಬೈಲ್ ಎತ್ತಿರಲಿಲ್ಲ. ಇಷ್ಟನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ಈ ಹೆಂಗಸು ದಿನಾ ನಮ್ಮ ಮೆಟ್ಟಿಲು ಗುಡಿಸುತ್ತಿದ್ದಳಲ್ಲ!

"ಕೋಳಿ ಕೂಗಿತು ಮಗಳೇ" ಎಂದಳು ಶಾಂಭವಿ.

ಎಷ್ಟು ಚೆನ್ನಾಗಿ ಹೇಳಿದಳು ಎಂದುಕೊಂಡೆ.

"ಕೋಳಿ ಕೂಗಿತು ಮಗಳೇ." ಈ ಸಲ ಸ್ವಲ್ಪ ಜೋರಾಗಿ.

ನಾನು ಆ ಅಕ್ಕ ತಂಗಿಯರನ್ನು ಹುಡುಕುತ್ತಿದ್ದೆ.

"ಮೂರು ಸಲ ಕೂಗಿತು. ಈ ಸೂರ್ಯ ಎಲ್ಲಿ ಹಾಳಾಗಿ ಹೋದ್ನೋ" ಎಂದಳು ಶಾಂಭವಿ, ಹಲ್ಲು ಕಚ್ಚಿಕೊಂಡು.

ಸ್ಫೂರ್ತಿ ಎದ್ದು ಕೂತು ನನ್ನ ಕಡೆ ಕೈ ತೋರಿಸಿದಳು. "ಅಮ್ಮಾ, ಸೂರ್ಯ ಅಲ್ಲಿ ಬಾಗಿಲ ಹತ್ರ ಬಾಯಿ ಬಿಟ್ಕೊಂಡು ನಿಂತಿದಾನೆ ನೋಡು."

ಇನ್ನೂರು ತಲೆಗಳು ನನ್ನ ಕಡೆ ತಿರುಗಿದವು. ಓಡಿಹೋಗಿ ಉದಯಿಸಿದೆ.